ಪಿಯಾಟಿಗೋರ್ಸ್ಕಿಯ ಚೆಲ್ಲೋ, ನನ್ನ ಕೆಂಪು ಶಾಯಿ



ಪಿಟೀಲನ್ನು ನೀವೆಲ್ಲ ಬಲ್ಲಿರಿ. ಅದೇ ಕುಲಕ್ಕೆ ಸೇರಿದ, ಗಾತ್ರದಲ್ಲಿ ಬಹು ದೊಡ್ಡದಾದ, ಕುರ್ಚಿಯಲ್ಲಿ ಕುಳಿತು ಮೊಣಕಾಲುಗಳ ನಡುವೆ ಇರಿಸಿಕೊಂಡು ಕಮಾನಿನಿಂದ ನುಡಿಸುವ ನಾಲ್ಕು ತಂತಿಗಳ ವಾದ್ಯವೇ ಚೆಲ್ಲೋ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಚೆಲ್ಲೋ ವಾದಕರ ಒಂದು ಸಾಲೇ ಇರುತ್ತದೆ. ಆ ಸಾಲಿನ ಮುಂದಾಳು ಪ್ರಧಾನ ವಾದಕ. ಕಮಾನು ಎಲ್ಲಿ ಮೇಲೇರಬೇಕು, ಎಲ್ಲಿ ಕೆಳಗಿಳಿಯಬೇಕು ಎಂಬುದನ್ನು ನಿರ್ಧರಿಸುವವನು ಅವನು. ಕೃತಿಯಲ್ಲಿ ಒಂಟಿ ಚೆಲ್ಲೋಗೆಂದು ಬರೆದ ಭಾಗ ಬಂದಾಗ ನುಡಿಸುವವನೂ ಅವನೇ. ಅಂಥ ಆಸನದಿಂದ ಎದ್ದು ಏಕವ್ಯಕ್ತಿ ವಾದಕರಾಗಿ ಲೋಕಪ್ರಸಿದ್ಧರಾದವರಲ್ಲಿ ಗ್ರೆಗರ್ ಪಿಯಾಟಿಗೋರ್ಸ್ಕಿ ಒಬ್ಬರು.

ಅವರು ಹುಟ್ಟಿದ್ದು 1903ರಲ್ಲಿ, ಇಂದಿನ ಯುಕ್ರೇನಿನ ನಿಪ್ರೊ ನಗರದಲ್ಲಿ. ಮನೆಯಲ್ಲಿ ಬಡತನ. ಬಾಲಕ ಕಾಫಿಗೃಹಗಳಲ್ಲಿ, ಮೂಕಿ ಚಿತ್ರಮಂದಿರಗಳಲ್ಲಿ ನುಡಿಸಿ ನಾಲ್ಕು ಕಾಸು ತರುತ್ತಿದ್ದ. ಮಾಸ್ಕೋ ಸಂಗೀತ ಶಾಲೆಯಲ್ಲಿ ಕಲಿತು, ಹದಿನೈದರ ಹರೆಯದಲ್ಲೇ ಬೊಲ್ಶಾಯ್ ರಂಗಮಂದಿರದ ಪ್ರಧಾನ ಚೆಲ್ಲೋ ವಾದಕನಾದ. ಹೆಚ್ಚಿನ ಕಲಿಕೆಗಾಗಿ ವಿದೇಶಕ್ಕೆ ಹೋಗಲು ಸರ್ಕಾರ ಒಪ್ಪಲಿಲ್ಲ. 1921ರಲ್ಲಿ ಗುಟ್ಟಾಗಿ ಗಡಿ ದಾಟಿ ಪೋಲೆಂಡ್ ಸೇರಿದ.

ಮುಂದೆ ಜರ್ಮನಿ. ಅಲ್ಲಿಯೂ ಹೊಟ್ಟೆಪಾಡಿಗೆ ಕಾಫಿಗೃಹವೇ ಗತಿಯಾಯಿತು. ಅಲ್ಲಿ ಆತನ ವಾದನವನ್ನು ಕೇಳಿದ ನಿರ್ದೇಶಕ ಫುರ್ಟ್‌ವೆಂಗ್ಲರ್ 1924ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ವೃಂದದ ಪ್ರಧಾನ ಚೆಲ್ಲೋ ವಾದಕನ ಆಸನವನ್ನಿತ್ತರು. ಐದು ವರ್ಷ ಅಲ್ಲಿದ್ದು, 1929ರಲ್ಲಿ ಪಿಯಾಟಿಗೋರ್ಸ್ಕಿ ಆ ಆಸನವನ್ನು ಬಿಟ್ಟರು. ಖಚಿತ ಸಂಬಳದ ನೌಕರಿಯನ್ನು ತೊರೆಯುವುದೆಂದರೇನು ಎಂದು ನನ್ನಂಥ ಮೇಷ್ಟ್ರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಮೊದಲ ಕಛೇರಿಗಳಾದವು. ಹಿಂಡೆಮಿತ್ 1940ರಲ್ಲಿ ರಚಿಸಿದ ಚೆಲ್ಲೋ ಕನ್ಚೆರ್ಟೊವನ್ನು 1941ರಲ್ಲಿಯೂ, ವಾಲ್ಟನ್ನರದನ್ನು 1957ರಲ್ಲಿಯೂ ಬಾಸ್ಟನ್ನಿನಲ್ಲಿ ಮೊದಲು ನುಡಿಸಿದವರು ಇವರೇ. 1942ರಲ್ಲಿ ಅಮೆರಿಕದ ಪೌರರಾದರು. 1976ರಲ್ಲಿ ಲಾಸ್ ಏಂಜಲೀಸಿನಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳುತ್ತಲೇ ಇದ್ದರು.

ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಒಂದು ಪ್ರಸಂಗಕ್ಕಾಗಿಯೇ ಇಷ್ಟೆಲ್ಲ ಪೀಠಿಕೆ. ಬರ್ಲಿನ್ನಿನ ಒಬ್ಬ ಗಣ್ಯರ ಮನೆಯಲ್ಲಿ ತರುಣ ಪಿಯಾಟಿಗೋರ್ಸ್ಕಿಗೆ ಪಾಬ್ಲೋ ಕಸಾಲ್ಸರ ಎದುರು ನುಡಿಸುವ ಸಂದರ್ಭ ಒದಗಿತು. ಚೆಲ್ಲೋ ವಾದಕರಿಗೆಲ್ಲ ಗುರುಸ್ಥಾನದಲ್ಲಿದ್ದವರು ಕಸಾಲ್ಸ್. ತರುಣನ ಕೈ ನಡುಗಿತು. ಬೀಥೋವನ್ನರ ಸೊನಾಟಾ ನಡುವೆಯೇ ನಿಂತುಹೋಯಿತು. ಮುಂದೆ ನುಡಿಸಿದ್ದೂ ಕೆಟ್ಟಿತು. ಕಸಾಲ್ಸರಾದರೋ ಮೆಚ್ಚಿ ಅಪ್ಪಿಕೊಂಡರು! ಅದು ಬರಿಯ ಮುಖಸ್ತುತಿಯೆಂದು ತರುಣನಿಗೆ ಬಹಳ ನೋವಾಯಿತು.

ವರ್ಷಗಳ ಅನಂತರ, ಪ್ಯಾರಿಸಿನಲ್ಲಿ, ಸಲುಗೆ ಬೆಳೆದ ಮೇಲೆ, ಪಿಯಾಟಿಗೋರ್ಸ್ಕಿ ಆ ನೋವನ್ನು ಹೇಳಿಕೊಂಡರು. ಕಸಾಲ್ಸರಿಗೆ ಸಿಟ್ಟೇ ಬಂದಿತು. ತಮ್ಮ ಚೆಲ್ಲೋ ಎತ್ತಿಕೊಂಡು, ಅಂದು ಈ ಸ್ವರಕ್ಕೆ ನೀನು ಬೆರಳಿಟ್ಟ ಬಗೆ ಇದಲ್ಲವೆ, ಈ ಭಾಗದಲ್ಲಿ ಕಮಾನು ಎಳೆದದ್ದು ಹೀಗಲ್ಲವೆ, ಅದು ನನಗೆ ಹೊಸದಾಗಿತ್ತು ಎಂದು ಒಂದೊಂದನ್ನೂ ನುಡಿಸಿ ತೋರಿಸಿದರು. ತಪ್ಪು ಎಣಿಸುವ ಕೆಲಸ ತಿಳಿಯದವರಿಗಿರಲಿ, ಒಂದು ಒಳ್ಳೆಯ ಸ್ವರ ಕೇಳಿದರೂ ತಾವು ಕೃತಜ್ಞರು ಎಂಬುದು ಅವರ ಮಾತಿನ ತಾತ್ಪರ್ಯ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮಳೆಗಾಲವನ್ನು ಕುರಿತು ಮೂರು ಪುಟ ಪ್ರಬಂಧ ಬರೆದಿದ್ದ. ಒತ್ತಕ್ಷರ, ದೀರ್ಘ ಎಲ್ಲವೂ ತಪ್ಪು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಒಟ್ಟು ತಪ್ಪು ಎಷ್ಟೆಂದು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಸೋರುವ ಮಾಡಿನ ಕೆಳಗೆ ಅವನ ತಾಯಿ ಇರಿಸಿದ ಪಾತ್ರೆಗಳು ಒಂದೊಂದೂ ಒಂದೊಂದು ಸ್ವರ ಹಿಡಿಯುತ್ತಿದ್ದವೆಂದು ಅವನು ಬರೆದಿದ್ದ. ಆ ಸಾಲನ್ನು ನಾನು ಓದಿಯೂ ಏನೂ ಹೇಳಲಿಲ್ಲ. ಅವನ ಮುಂದಿನ ಪ್ರಬಂಧ ಐದೇ ಸಾಲಿನದು. ಒಂದೂ ತಪ್ಪಿರಲಿಲ್ಲ.

ನಿಮ್ಮಲ್ಲಿ ಅನೇಕರು ಇಂದು ಉಪಾಧ್ಯಾಯರಾಗಿದ್ದೀರಿ. ತಪ್ಪು ತಿದ್ದಬೇಡಿರೆಂದು ನಾನು ಹೇಳಲಾರೆ; ತಿದ್ದುವುದು ನಮ್ಮ ಧರ್ಮ. ಆದರೆ ಚೆನ್ನಾದ ಸಾಲಿನ ಕೆಳಗೂ ಒಂದು ಗೆರೆ ಎಳೆಯಿರಿ. ಮಳೆಯ ಪ್ರಬಂಧ ಬರೆದವನು ಇದನ್ನು ಓದುತ್ತಿದ್ದರೆ ಅವನಿಗೆ ಒಂದು ಮಾತು: ಮಗು, ಆ ಸಾಲು ನನಗೆ ಇಂದಿಗೂ ನೆನಪಿದೆ.