ವಸಾಯಿ: ಒಂದು ಉಪನಗರದ ಪೂರ್ವೋತ್ತರ

ನಮ್ಮ ಕರಾವಳಿಯಿಂದ ಉದ್ಯೋಗವನ್ನರಸಿ ಮುಂಬಯಿಗೆ ತೆರಳಿದ ಕುಟುಂಬಗಳಲ್ಲಿ ಹಲವು ಇಂದು ವಸಾಯಿ, ನಾಲಾಸೋಪಾರ, ವಿರಾರಗಳಲ್ಲಿ ನೆಲೆಸಿವೆ. ಹಬ್ಬಹರಿದಿನಗಳಿಗೆ ಊರಿಗೆ ಬರುವ ಈ ಬಂಧುಗಳು ತಮ್ಮ ವಾಸಸ್ಥಳವನ್ನು ಕುರಿತು ರೈಲಿನ ನೂಕುನುಗ್ಗಲನ್ನೂ ನೀರಿನ ಅಭಾವವನ್ನೂ ಹೇಳುತ್ತಾರೆಯೇ ಹೊರತು ಅಲ್ಲಿಯ ಮಣ್ಣಿನ ಇತಿಹಾಸವನ್ನು ಹೇಳುವುದು ವಿರಳ. ಭಾರತದ ಕ್ರೈಸ್ತ ಚರಿತ್ರೆಯಲ್ಲಿ ಆ ನೆಲಕ್ಕಿರುವ ಸ್ಥಾನ ಹಿರಿದು. ಶತಮಾನೋತ್ಸವದ ಈ ಸಂದರ್ಭದಲ್ಲಿ ಅದನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ವಸಾಯಿ-ವಿರಾರ ಪ್ರದೇಶವು ಮುಂಬಯಿಯ ಉತ್ತರಕ್ಕಿದೆ. ಚರ್ಚ್‌ಗೇಟಿನಿಂದ ವಿರಾರಕ್ಕೆ ರೈಲುಮಾರ್ಗವಾಗಿ ಸುಮಾರು 60 ಕಿಲೋಮೀಟರು. ದಕ್ಷಿಣದಲ್ಲಿ ಉಲ್ಹಾಸ ನದಿಯು ಸಮುದ್ರವನ್ನು ಸೇರುವ ವಸಾಯಿ ಅಳಿವೆ, ಉತ್ತರದಲ್ಲಿ ವೈತರಣಾ ನದಿ, ಪಶ್ಚಿಮದಲ್ಲಿ ಅರಬ್ಬೀ ಸಮುದ್ರ, ಪೂರ್ವದಲ್ಲಿ ತುಂಗಾರೇಶ್ವರದ ಬೆಟ್ಟಸಾಲು—ಇವು ಅದರ ಎಲ್ಲೆಗಳು. ರೈಲುಹಾದಿಗೂ ಕಡಲಿಗೂ ನಡುವಿನ ತಗ್ಗುಭೂಮಿ ಬಹು ಫಲವತ್ತಾದುದು. ಬಾಳೆ, ವೀಳ್ಯದೆಲೆ, ಹೂವು, ತರಕಾರಿಗಳಿಗೆ ಅದು ಹೆಸರಾಯಿತು. ಬಾಳೆಹಣ್ಣನ್ನು ಒಣಗಿಸಿ ಮಾಡುವ ‘ಸುಕೇಳಿ’ ಆ ಊರಿನ ವಿಶೇಷ ತಿನಿಸು.

ಈ ನೆಲದ ಪ್ರಾಚೀನತೆ ಅಚ್ಚರಿ ಹುಟ್ಟಿಸುವಂತಹುದು. ಇಂದಿನ ನಾಲಾಸೋಪಾರವೇ ಪುರಾತನ ಶೂರ್ಪಾರಕ ಬಂದರು. 1882ರಲ್ಲಿ ಪಂಡಿತ ಭಗವಾನಲಾಲ ಇಂದ್ರಜಿಯವರು ಅಲ್ಲಿ ಬೌದ್ಧ ಸ್ತೂಪವನ್ನು ಅಗೆದು ಶೋಧಿಸಿದರು. ಅಶೋಕನ ಶಿಲಾಶಾಸನದ ತುಣುಕೂ ಅಲ್ಲಿ ದೊರೆಯಿತು. ಮುಂದೆ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಮೊದಲಿಗೆ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಕನ್ನಡ ನಾಡಿಗೂ ಆ ತೀರಕ್ಕೂ ಇರುವ ನಂಟು ಈ ಕಾಲದ ವಲಸೆಯಿಂದ ಮಾತ್ರ ಹುಟ್ಟಿದುದಲ್ಲ.

1534ರ ಡಿಸೆಂಬರ್ 23ರಂದು ಗುಜರಾತಿನ ಸುಲ್ತಾನ ಬಹಾದುರ್ ಷಹನು ವಸಾಯಿಯನ್ನು ಪೋರ್ಚುಗೀಸರಿಗೆ ಒಪ್ಪಿಸಿದನು. ಅವರು ಕಟ್ಟಿದ ಕೋಟೆಯೊಳಗೆ ಫ್ರಾನ್ಸಿಸ್ಕನ್, ಡೊಮಿನಿಕನ್, ಅಗಸ್ಟೀನಿಯನ್ ಹಾಗೂ ಯೇಸುಸಭೆಯ ಗುರುಗಳ ಭವ್ಯ ದೇವಾಲಯಗಳೂ ಮಠಗಳೂ ಎದ್ದು ನಿಂತವು. ಸಂತ ಫ್ರಾನ್ಸಿಸ್ ಕ್ಸೇವಿಯರರು ಈ ಪಟ್ಟಣಕ್ಕೆ ಭೇಟಿಯಿತ್ತಿದ್ದರು. ಇಲ್ಲಿಯೇ ಜನಿಸಿದ ಗೊನ್ಸಾಲೊ ಗಾರ್ಸಿಯಾ ಎಂಬ ಫ್ರಾನ್ಸಿಸ್ಕನ್ ಸಹೋದರರು 1597ರ ಫೆಬ್ರವರಿ 5ರಂದು ಜಪಾನಿನ ನಾಗಸಾಕಿಯಲ್ಲಿ ಶಿಲುಬೆಗೇರಿ ರಕ್ತಸಾಕ್ಷಿಗಳಾದರು. 1862ರಲ್ಲಿ ಪೋಪ್ ಒಂಬತ್ತನೆಯ ಪಿಯೂಸರು ಅವರನ್ನು ಸಂತಪದವಿಗೇರಿಸಿದರು. ಭಾರತದಲ್ಲಿ ಹುಟ್ಟಿ ಸಂತರೆನಿಸಿದವರಲ್ಲಿ ಅವರೇ ಮೊದಲಿಗರು.

1739ರ ಮೇ ತಿಂಗಳಲ್ಲಿ ಚಿಮಾಜಿ ಅಪ್ಪನ ಮರಾಠಾ ಸೇನೆ ದೀರ್ಘ ಮುತ್ತಿಗೆಯ ಬಳಿಕ ಕೋಟೆಯನ್ನು ಗೆದ್ದುಕೊಂಡಿತು. ಪೋರ್ಚುಗೀಸರು ಹೊರಟುಹೋದರು, ಕೋಟೆಯ ದೇವಾಲಯಗಳು ಬರಿದಾದವು. ಅಲ್ಲಿಯ ಗಂಟೆಗಳಲ್ಲಿ ಕೆಲವು ಮಹಾರಾಷ್ಟ್ರದ ದೇವಸ್ಥಾನಗಳನ್ನು ಸೇರಿದವು. ಅಂದಿಗೆ ಅಲ್ಲಿಯ ಕ್ರೈಸ್ತ ಸಮಾಜದ ಕಥೆ ಮುಗಿಯಿತೆಂದೇ ಯಾರಾದರೂ ಎಣಿಸಬಹುದಾಗಿತ್ತು. ಆದರೆ ಹಾಗಾಗಲಿಲ್ಲ. ಕೋಟೆಯ ಹೊರಗೆ ತೋಟಗಳ ನಡುವೆ ಬಾಳುತ್ತಿದ್ದ ರೈತರೂ ಬೆಸ್ತರೂ ದೇಶೀಯ ಗುರುಗಳ ಆಶ್ರಯದಲ್ಲಿ ತಮ್ಮ ವಿಶ್ವಾಸವನ್ನು ಉಳಿಸಿಕೊಂಡರು. ತಮ್ಮ ಆಡುನುಡಿಯನ್ನೂ ಉಡುಗೆತೊಡುಗೆಗಳನ್ನೂ ಬಿಡಲಿಲ್ಲ. ಸಾಮವೇದಿ ಎಂಬ ಆಡುಮಾತು ಇಂದಿಗೂ ಅವರ ಮನೆಗಳಲ್ಲಿ ಕೇಳಿಬರುತ್ತದೆ. ಅರಸೊತ್ತಿಗೆಯ ನೆರಳಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು ಪಾಳುಬಿದ್ದವು. ಹಳ್ಳಿಯ ಜನರು ಉಳಿದರು. 1998ರಲ್ಲಿ ವಸಾಯಿಯು ಮುಂಬಯಿ ಮಹಾಧರ್ಮಪ್ರಾಂತದಿಂದ ಬೇರ್ಪಟ್ಟು ಸ್ವತಂತ್ರ ಧರ್ಮಪ್ರಾಂತವಾಯಿತು.

1860ರ ದಶಕದಲ್ಲಿ ರೈಲು ಬಂದರೂ ಬಹುಕಾಲ ವಸಾಯಿ ತೋಟಗಳ ಸೀಮೆಯಾಗಿಯೇ ಇದ್ದಿತು. ಮುಂಬಯಿಯಲ್ಲಿ ಮನೆಯ ಬೆಲೆ ಏರಿದಂತೆ, ನೌಕರಿಗೆ ರೈಲಿನಲ್ಲಿ ಹೋಗಿಬರುವವರು ಇತ್ತ ಮುಖ ಮಾಡಿದರು. 1980ರ ದಶಕದ ಕೊನೆಯಿಂದ ಕಟ್ಟಡಗಳು ಭರದಿಂದ ಮೇಲೆದ್ದವು. 2009ರಲ್ಲಿ ನಾಲ್ಕು ನಗರಸಭೆಗಳನ್ನೂ ಅನೇಕ ಗ್ರಾಮಗಳನ್ನೂ ಕೂಡಿಸಿ ಮಹಾನಗರಪಾಲಿಕೆ ರಚಿಸಲಾಯಿತು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 12 ಲಕ್ಷವನ್ನು ಮೀರಿತು. 2014ರಲ್ಲಿ ಈ ತಾಲೂಕು ಠಾಣೆ ಜಿಲ್ಲೆಯಿಂದ ಹೊಸ ಪಾಲಘರ್ ಜಿಲ್ಲೆಗೆ ಸೇರಿತು.

ಈ ಬೆಳವಣಿಗೆಯ ಬೆಲೆಯನ್ನು ತೆತ್ತದ್ದು ತೋಟ ಮತ್ತು ಬಾವಿಗಳು. ಅವುಗಳ ರಕ್ಷಣೆಗಾಗಿ ‘ಹರಿತ ವಸಾಯಿ’ ಎಂಬ ಚಳವಳಿ ಹುಟ್ಟಿತು. ಅದರ ಮುಂದಾಳುಗಳಾಗಿದ್ದ ಫಾದರ್ ಫ್ರಾನ್ಸಿಸ್ ದಿಬ್ರಿಟೊ ಅವರು ಮರಾಠಿಯ ಹೆಸರಾಂತ ಲೇಖಕರೂ ಹೌದು. 2020ರ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದು, 2024ರಲ್ಲಿ ದೈವಾಧೀನರಾದರು. ಮಳೆನೀರು ಹರಿದುಹೋಗುವ ತಗ್ಗುಗಳನ್ನು ತುಂಬಿದರೆ ನೀರು ಮನೆಗಳಿಗೆ ನುಗ್ಗದೆ ಇರದು. 2018ರ ಜುಲೈಯಲ್ಲಿ ವಸಾಯಿ ಜಲಾವೃತವಾಗಿ ರೈಲುಗಳು ನಿಂತುಹೋದುದನ್ನು ಅಲ್ಲಿಯ ನಮ್ಮ ಬಂಧುಗಳು ಮರೆತಿಲ್ಲ.

ಇಲ್ಲಿ ನಾವು ಪರರನ್ನು ದೂರಿ ಸುಮ್ಮನಾಗುವಂತಿಲ್ಲ. ತೋಟವಿದ್ದೆಡೆ ಎದ್ದ ಕಟ್ಟಡಗಳಲ್ಲಿ ಬಾಡಿಗೆಗೋ ಸಾಲಕ್ಕೋ ಮನೆ ಹಿಡಿದವರಲ್ಲಿ ನಮ್ಮ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಇದ್ದಾರೆ. ಅವರಿಗೂ ತಲೆಯ ಮೇಲೊಂದು ಸೂರು ಬೇಕಿತ್ತು. ಅಲ್ಲಿಯ ಮೂಲನಿವಾಸಿಗಳೊಡನೆ ಒಂದೇ ಪೀಠದೆದುರು ಮೊಣಕಾಲೂರುವ ನಮ್ಮವರು, ಆ ನೆರೆಯವರ ಬಾವಿ ಮತ್ತು ತೋಟಗಳ ಅಳಲನ್ನೂ ತಮ್ಮದೆಂದು ತಿಳಿಯಬೇಕಾದುದು ನ್ಯಾಯ.

ವಸಾಯಿಯ ಚರಿತ್ರೆ ನಮಗೂ ಒಂದು ಪಾಠವನ್ನು ಕಲಿಸುತ್ತದೆ. ನಮ್ಮ ದೇವಾಲಯದ ಗೋಡೆಗಳಿಗೆ ಬಣ್ಣ ಬಳಿದು ನಾವು ಸಂಭ್ರಮಿಸುತ್ತಿದ್ದೇವೆ, ಅದು ಸರಿಯೇ. ಆದರೆ ದೇವಾಲಯವನ್ನು ಶತಮಾನಗಳ ಕಾಲ ಉಳಿಸುವವರು ಅದರ ಸುತ್ತ ಬೇರೂರಿ ಬಾಳುವ ಜನರು. ನಮ್ಮ ಊರಿನ ಗದ್ದೆತೋಟಗಳೂ ಮನೆಗಳೂ ಒಂದೊಂದಾಗಿ ಬರಿದಾಗುತ್ತಿರುವಾಗ, ಮುಂದಿನ ನೂರು ವರ್ಷಗಳ ಚಿಂತನೆಯನ್ನು ಇಲ್ಲಿಂದಲೇ ಆರಂಭಿಸೋಣ.