ಅನಂತಸ್ವಾಮಿ ದೊಡ್ಡವರೋ, ಅಶ್ವತ್ಥ್ ದೊಡ್ಡವರೋ? ನಮ್ಮೂರ ಜಗಳದ ಒಂದು ಚರಿತ್ರೆ

ನವೆಂಬರ್ ಬಂತೆಂದರೆ ನಮ್ಮ ಕಡೆ ಎರಡು ಸದ್ದು ಜೋರು. ಒಂದು ಕಬ್ಬಿನ ಲಾರಿಗಳದ್ದು, ಇನ್ನೊಂದು ರಾಜ್ಯೋತ್ಸವದ ಮೈಕಿನದ್ದು. ವೇದಿಕೆಯಲ್ಲಿ ಯಾರಾದರೂ ಭಾವಗೀತೆ ಎತ್ತಿಕೊಂಡರೆ ಸಾಕು, ಹಿಂದಿನ ಕುರ್ಚಿಗಳಲ್ಲಿ ಹಳೇ ವಾದ ಶುರುವಾಗುತ್ತದೆ.

"ಅಶ್ವತ್ಥ್ ಮುಂದೆ ಯಾರ್ ನಿಂತಾರು ಬುಡಿ."

"ಅನಂತಸ್ವಾಮಿ ದಾರಿ ಮಾಡ್ದೆ ಇದ್ದಿದ್ರೆ ಅಶ್ವತ್ಥ್ ಎಲ್ಲಿ ಬತ್ತಿದ್ರು?"

ಪಾಂಡವಪುರದಿಂದ ನಾಗಮಂಗಲದವರೆಗೆ ಈ ಮಾತು ಕೇಳದವರು ಕಡಿಮೆ. ಕ್ರಿಕೆಟ್ಟಿನಲ್ಲಿ ಗಾವಸ್ಕರ್–ತೆಂಡೂಲ್ಕರ್ ಇದ್ದ ಹಾಗೆ ಹಾಡಿನಲ್ಲಿ ಈ ಇಬ್ಬರು. ಆದರೆ ಈ ಜಗಳ ಬರೀ ಬಾಯಿಮಾತಿನಲ್ಲಿ ಉಳಿಯಲಿಲ್ಲ, ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಹತ್ತಿದವರ ಹೆಸರಿನಲ್ಲಿ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಊರೇ ಇದೆ. ಅದಕ್ಕೇ ಇದನ್ನು ಮೊದಲಿನಿಂದ ಬಿಡಿಸಿ ಹೇಳೋಣ ಅಂತ ಕೂತಿದ್ದೇವೆ.

ದಾರಿಯ ಎರಡು ತುದಿ

ಮೈಸೂರು ಅನಂತಸ್ವಾಮಿ ಹುಟ್ಟಿದ್ದು 1936ರಲ್ಲಿ, ಮೈಸೂರಿನಲ್ಲಿ. ಸಿ. ಅಶ್ವತ್ಥ್ ಹುಟ್ಟಿದ್ದು 1939ರಲ್ಲಿ, ಚನ್ನರಾಯಪಟ್ಟಣದಲ್ಲಿ. ಮೈಸೂರಿನಿಂದ ಚನ್ನರಾಯಪಟ್ಟಣಕ್ಕೆ ನಮ್ಮ ಕಡೆಯಿಂದ ಹೋಗುವ ದಾರಿ ನೆನಪಿಸಿಕೊಳ್ಳಿ. ಪಾಂಡವಪುರ, ಕೆ.ಆರ್. ಪೇಟೆ, ಕಿಕ್ಕೇರಿ. ಇಬ್ಬರೂ ಆ ದಾರಿಯ ಎರಡು ತುದಿಯವರು, ನಡುವೆ ಇರುವುದು ನಮ್ಮ ತಾಲ್ಲೂಕುಗಳು.

ಈ ನಡುವಿನ ನೆಲದಲ್ಲಿ ಹಾಡು ಬರೆದವರಿದ್ದರು. ನಾವಿದನ್ನು ಬರೆಯುತ್ತಿರುವ ತೊಣ್ಣೂರಿನ ಪಕ್ಕದ ಮೇಲುಕೋಟೆ ಪು.ತಿ. ನರಸಿಂಹಾಚಾರ್ ಅವರ ಊರು. ಕವಿತೆ ಹಾಡಾಗಬೇಕು ಅಂತಲೇ ಗೀತನಾಟಕಗಳನ್ನು ಬರೆದವರು ಅವರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರದಲ್ಲೇ ಇದೆ. ಅವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂದ ಮೇಲೆ ಕನ್ನಡದಲ್ಲಿ ಸಣ್ಣ ಸಣ್ಣ ಭಾವಗೀತೆ ಬರೆಯುವ ಹೊಸ ರೂಢಿಗೆ ಬಲ ಬಂತು. ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ 1942ರಲ್ಲಿ 'ಮೈಸೂರು ಮಲ್ಲಿಗೆ' ಕೊಟ್ಟರು. ಗಂಡ ಹೆಂಡತಿಯ ಪ್ರೀತಿ, ತವರಿನ ನೆನಪು, ಮಾವನ ಮನೆಯ ಸಂಭ್ರಮ, ಎಲ್ಲ ನಮ್ಮ ಹಟ್ಟಿ ಹಜಾರದ್ದೇ.

ಆದರೆ ಪುಸ್ತಕದಲ್ಲಿದ್ದ ಪದ್ಯ ಓದು ಬಾರದವರ ಕಿವಿಗೆ ಬೀಳುವುದು ಹೇಗೆ? ಅಲ್ಲಿಂದ ರಾಗ ಹಾಕುವವರ ಕತೆ.

ಇಬ್ಬರಿಗೂ ಹಿರಿಯರು

ಮೊದಲು ಹೇಳಬೇಕಾದ ಹೆಸರು ಪಿ. ಕಾಳಿಂಗರಾವ್. 1914ರಲ್ಲಿ ಉಡುಪಿ ಕಡೆಯ ಆರೂರಿನಲ್ಲಿ ಹುಟ್ಟಿದವರು. ಹೊಸ ಕವಿಗಳ ಪದ್ಯ, ಜನಪದ ಗೀತೆ, ದಾಸರ ಪದ, ಎಲ್ಲವನ್ನೂ ಊರೂರಿನ ವೇದಿಕೆಗೆ ತಂದರು. ಮೋಹನಕುಮಾರಿ, ಸೋಹನಕುಮಾರಿ ಅವರ ಜೊತೆ ಹಾಡುತ್ತಿದ್ದರು. ಕಛೇರಿ ಸಂಗೀತ ಗೊತ್ತಿಲ್ಲದವರೂ ಕೂತು ಕೇಳುವಂಥ ಹಾಡಿಕೆ ಅದು. 1981ರಲ್ಲಿ ತೀರಿಕೊಂಡರು. ಅನಂತಸ್ವಾಮಿ, ಅಶ್ವತ್ಥ್ ಇಬ್ಬರೂ ನಡೆದದ್ದು ಅವರು ಸವೆಸಿದ ದಾರಿಯಲ್ಲೇ. ಇಬ್ಬರಲ್ಲಿ ಮೊದಲಿಗರು ಯಾರು ಅಂತ ಜಗಳವಾಡುವವರು ಈ ಮೂರನೆಯವರನ್ನು ಮರೆತಿರುತ್ತಾರೆ.

ಅನಂತಸ್ವಾಮಿ ಕೊಟ್ಟದ್ದು

1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಪದ್ಯ ಕೆ.ಎಸ್. ನಿಸಾರ್ ಅಹಮದ್ ಅವರದ್ದು, ರಾಗ ಅನಂತಸ್ವಾಮಿಯವರದ್ದು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತಲೇ ಅದು ಹೆಸರಾಗಿದೆ. ಅಲ್ಲಿಯವರೆಗೆ ಭಾವಗೀತೆ ಕೇಳಬೇಕಾದರೆ ರೇಡಿಯೊ ಹಚ್ಚಿ ಕಾಯಬೇಕು, ಇಲ್ಲವೇ ಕಾರ್ಯಕ್ರಮಕ್ಕೆ ಹೋಗಬೇಕು. ಕ್ಯಾಸೆಟ್ ಬಂದ ಮೇಲೆ ಟೇಪ್ ರೆಕಾರ್ಡರ್ ಇದ್ದ ಮನೆಯಲ್ಲಿ ಬೇಕೆಂದಾಗ ಕವಿತೆ ಕೇಳಿಸಿತು. ಒಂದು ಹಾಡನ್ನು ಹತ್ತು ಸಲ ಹಿಂದಕ್ಕೆ ತಿರುಗಿಸಿ ಕಲಿಯುವುದು ಆಗ ಸಾಧ್ಯವಾಯಿತು.

ಅವರ ರಾಗಗಳನ್ನು ಗಮನಿಸಿ. ಮಾತಿನ ಹಿಂದೆ ಹಿಂದೆ ನಡೆಯುತ್ತವೆ. ಪದ ಒಡೆಯುವುದಿಲ್ಲ, ಉಸಿರು ಕಟ್ಟಿಸುವುದಿಲ್ಲ. ಸಾಧಾರಣ ಗಂಟಲಿನ ಮನುಷ್ಯ ಹೊಲದಿಂದ ಬರುತ್ತಾ ಗುನುಗಿಕೊಳ್ಳಬಹುದು. ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳಲ್ಲಿ ಕುಡುಕನ ಮಾತಿನ ಧಾಟಿಯೇ ಅವರ ರಾಗವಾಯಿತು. ಅವರು 1995ರ ಜನವರಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಅರವತ್ತೂ ತುಂಬಿರಲಿಲ್ಲ.

ಅಶ್ವತ್ಥ್ ಕೊಟ್ಟದ್ದು

ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡಿದವರು. ನಾಟಕಗಳಿಗೆ ಸಂಗೀತ ಮಾಡಿ, 'ಕಾಕನಕೋಟೆ' ಚಿತ್ರದ ಮೂಲಕ ಸಿನಿಮಾಕ್ಕೆ ಬಂದರು. ನಾಟಕದ ಗುಣ ಅವರ ಹಾಡಿನಲ್ಲಿ ಕೊನೆಯವರೆಗೂ ಇತ್ತು. ಗಂಟಲು ಪೂರ್ತಿ ತೆರೆದು, ಏರುದನಿಯಲ್ಲಿ, ಹಿಂದಿನ ಸಾಲಿನವನನ್ನೂ ಮುಟ್ಟುವ ಹಾಗೆ ಹಾಡುತ್ತಿದ್ದರು.

ಹಾವೇರಿ ಕಡೆಯ ಶಿಶುನಾಳ ಷರೀಫರ ತತ್ವಪದ ನಮ್ಮ ಮಂಡ್ಯ ಸೀಮೆಯ ಮನೆಮನೆಗೆ ಬಂದದ್ದರಲ್ಲಿ ಅಶ್ವತ್ಥ್ ಅವರ ಪಾಲು ದೊಡ್ಡದು. 1990ರ 'ಸಂತ ಶಿಶುನಾಳ ಷರೀಫ' ಚಿತ್ರಕ್ಕೆ ಸಂಗೀತ ಅವರದ್ದೇ. ನಮ್ಮ ಕಿಕ್ಕೇರಿಯ ಕವಿಗೂ ಅವರೇ ರಾಗದ ಜೊತೆಗಾರ. 'ಮೈಸೂರು ಮಲ್ಲಿಗೆ'ಯ ಪದ್ಯಗಳಿಗೆ ಅವರು ಹಾಕಿದ ರಾಗ ಇವತ್ತಿಗೂ ಮದುವೆ ಮನೆಗಳಲ್ಲಿ ಕೇಳುತ್ತದೆ. ಆ ಪದ್ಯಗಳ ಮೇಲೆ ಟಿ.ಎಸ್. ನಾಗಾಭರಣ ಮಾಡಿದ ಚಿತ್ರಕ್ಕೂ ಅಶ್ವತ್ಥ್ ಸಂಗೀತ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಬಂತು. ಸಿನಿಮಾ ತಾರೆಯರಿಗೆ ಸೇರುವಂಥ ಜನ ಕವಿತೆ ಕೇಳಲು ಸೇರಿದ್ದರು. 2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ಹುಟ್ಟುಹಬ್ಬದ ದಿನವೇ, ಅಶ್ವತ್ಥ್ ತೀರಿಕೊಂಡರು.

ಕೋರ್ಟಿಗೆ ಹೋದ ರಾಗ

2004ರ ಜನವರಿಯಲ್ಲಿ ಸರ್ಕಾರ ಕುವೆಂಪು ಅವರ ಗೀತೆಯನ್ನು ನಾಡಗೀತೆ ಅಂತ ಘೋಷಿಸಿತು. ಆಗ ಮುಖ್ಯಮಂತ್ರಿ ನಮ್ಮ ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ. ಪದ ಯಾವುದು ಅನ್ನುವುದು ತೀರ್ಮಾನವಾಯಿತು, ರಾಗ ಯಾವುದು ಅನ್ನುವುದು ಆಗಲಿಲ್ಲ. ಒಂದು ಕಡೆ ಅನಂತಸ್ವಾಮಿ ರಾಗ, ಇನ್ನೊಂದು ಕಡೆ ಅಶ್ವತ್ಥ್ ರಾಗ. ಒಂದಕ್ಕಿಂತ ಹೆಚ್ಚು ಸಮಿತಿಗಳು ಕೂತೆದ್ದವು. ರಾಷ್ಟ್ರಗೀತೆ ಹಾಡಲು 52 ಸೆಕೆಂಡ್ ಅಂತ ನಿಗದಿಯಿದೆ. ನಾಡಗೀತೆಗೆ ಅಂಥ ಲೆಕ್ಕವಿರಲಿಲ್ಲ. ಹಾಡುವವರು ಸಾಲನ್ನು ಮತ್ತೆ ಮತ್ತೆ ಎಳೆದರೆ ನಿಂತವರ ಕಾಲು ನೋಯುತ್ತಿತ್ತು.

ಕಡೆಗೆ ಗಾಯಕಿ ಎಚ್.ಆರ್. ಲೀಲಾವತಿ ಅವರ ಅಧ್ಯಕ್ಷತೆಯ ಸಮಿತಿ ಅನಂತಸ್ವಾಮಿ ರಾಗವನ್ನು ಶಿಫಾರಸು ಮಾಡಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರದ ಆದೇಶ ಬಂತು: ಆಲಾಪ ಬೇಡ, ಸಾಲುಗಳನ್ನು ಮರುಹಾಡುವುದು ಬೇಡ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕು.

ಈ ಆದೇಶ ಪ್ರಶ್ನಿಸಿ ಹೈಕೋರ್ಟಿಗೆ ಹೋದವರು ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ. ಅನಂತಸ್ವಾಮಿ ಇಡೀ ಗೀತೆಗೆ ರಾಗ ಹಾಕಿರಲಿಲ್ಲ, ಪೂರ್ತಿ ಹಾಡಿಗೆ ರಾಗ ಕಟ್ಟಿದವರು ಅಶ್ವತ್ಥ್ ಅನ್ನುವುದು ಆ ಕಡೆಯವರ ಮುಖ್ಯ ವಾದ. ವಿಚಾರಣೆಯ ವೇಳೆ ಕೋರ್ಟ್ ಹಾಲಿನಲ್ಲೇ ಹಾಡಿ ತೋರಿಸಿದ್ದು ಸುದ್ದಿಯಾಯಿತು. 2024ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಅರ್ಜಿ ವಜಾ ಮಾಡಿತು. ಸರ್ಕಾರದ ಆದೇಶ ಉಳಿಯಿತು.

ಇಂಥದ್ದು ನಮ್ಮಲ್ಲೇ ಅಂತಲ್ಲ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಅನ್ನುವ ರಾಕ್ ತಂಡದಿಂದ ರೋಜರ್ ವಾಟರ್ಸ್ 1985ರಲ್ಲಿ ಹೊರಬಂದರು. ತಂಡದ ಹೆಸರು ಯಾರಿಗೆ ಸೇರಬೇಕು ಅಂತ ಕಾನೂನು ಜಗಳವಾಗಿ 1987ರಲ್ಲಿ ರಾಜಿಯಾಯಿತು. ಗಿಟಾರ್ ನುಡಿಸುವ ಡೇವಿಡ್ ಗಿಲ್ಮೋರ್ ಹೆಸರು ಉಳಿಸಿಕೊಂಡರು. ಆ ತಂಡಕ್ಕೆ ಜೀವ ತುಂಬಿದ್ದು ಬರೆದ ವಾಟರ್ಸೋ, ಗಿಟಾರ್ ನುಡಿಸಿದ ಗಿಲ್ಮೋರೋ ಅಂತ ಅಭಿಮಾನಿಗಳು ಇವತ್ತಿಗೂ ಕಿತ್ತಾಡುತ್ತಾರೆ.

ಒಂದು ವ್ಯತ್ಯಾಸವಿದೆ. ಅಲ್ಲಿ ಕಲಾವಿದರೇ ಕಾದಾಡಿದರು. ಇಲ್ಲಿ, ಹಾಡು ನಾಡಗೀತೆ ಆಗುವ ಹೊತ್ತಿಗೆ ಅನಂತಸ್ವಾಮಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆದೇಶ ಬರುವ ಹೊತ್ತಿಗೆ ಅಶ್ವತ್ಥ್ ಕೂಡ ಇರಲಿಲ್ಲ. ಇಬ್ಬರೂ ಇಲ್ಲದ ಮೇಲೆ ಅವರ ಹೆಸರಿನಲ್ಲಿ ನಾವು ಕಾದಾಡಿದೆವು.

ಹಾಗಾದರೆ ಗೆದ್ದವರು ಯಾರು?

ತೀರ್ಪು ಬಂದ ಮೇಲೆ "ನೋಡಿದ್ರಾ, ಕೋರ್ಟೇ ಹೇಳ್ತು ಅನಂತಸ್ವಾಮಿ ದೊಡ್ಡವರು ಅಂತ" ಅನ್ನುವವರಿದ್ದಾರೆ. ಕೋರ್ಟು ಹಾಗೆ ಹೇಳಿಲ್ಲ. ಇಂಥ ಆದೇಶ ಮಾಡುವ ಅಧಿಕಾರ ಸರ್ಕಾರಕ್ಕಿದೆ ಅಂದಿತು, ಅಷ್ಟೆ. ರಾಗಕ್ಕೆ ಮಾರ್ಕ್ಸ್ ಹಾಕುವುದು ಕೋರ್ಟಿನ ಕೆಲಸವೂ ಅಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಶಾಲೆಯ ಅಂಗಳದಲ್ಲಿ ಇನ್ನೂರು ಮಕ್ಕಳು ಒಟ್ಟಿಗೆ ಹಾಡಲು ಅನಂತಸ್ವಾಮಿಯವರ ಧಾಟಿ ಸಲೀಸು. ಆ ಕೆಲಸಕ್ಕೆ ಆ ಆಯ್ಕೆ ಸರಿಯೇ. ಆದರೆ ದೊಡ್ಡತನ ಅಳೆಯುವ ಕೋಲು ಅದಲ್ಲ. ಒಬ್ಬರು ಕವಿತೆಯನ್ನು ಮನೆಯೊಳಗೆ ಕರೆದುಕೊಂಡು ಬಂದರು, ಇನ್ನೊಬ್ಬರು ಅದನ್ನು ಜಾತ್ರೆಯಷ್ಟು ಜನರ ನಡುವೆ ನಿಲ್ಲಿಸಿದರು. ನಮಗೆ ಎರಡೂ ಬೇಕಿತ್ತು.

ನಮ್ಮನ್ನು ಕಾಡುವ ಚಿಂತೆ ಬೇರೆ. ಸರ್ಕಾರ ಒಂದು ರಾಗ ಗೊತ್ತು ಮಾಡಿದ ಮೇಲೆ ಮಕ್ಕಳಿಗೆ ಅದೊಂದೇ ರಾಗ ಗೊತ್ತಿರುವ ಕಾಲ ಬರಬಾರದು. ಬೆಳಗಿನ ಪ್ರಾರ್ಥನೆಗೆ ಆದೇಶದ ರಾಗವೇ ಇರಲಿ. ಶಾಲಾ ವಾರ್ಷಿಕೋತ್ಸವಕ್ಕೆ, ಗಣಪತಿ ಪೆಂಡಾಲಿಗೆ ಅಶ್ವತ್ಥ್ ರಾಗದ ಪದ್ಯ ಕಲಿಸಲು ಅಡ್ಡಿಯೇನು?

ಇನ್ನೂ ಒಂದು ಮಾತು. ಮೊಬೈಲಿನಲ್ಲಿ ಹಾಡು ಹಂಚುವಾಗ "ಅಶ್ವತ್ಥ್ ಸಾಂಗ್" ಅಂತ ಮಾತ್ರ ಬರೆಯುತ್ತೇವೆ. ಆ ಪದ್ಯ ಬರೆದವರು ಪಕ್ಕದ ಕಿಕ್ಕೇರಿಯವರು ಅನ್ನುವುದು ನಮ್ಮದೇ ಮಕ್ಕಳಿಗೆ ಗೊತ್ತಿರುವುದಿಲ್ಲ. ನಮ್ಮ ಕೆರೆಯನ್ನೇ ನೋಡಿ. ತಿರುಮಲಸಾಗರ, ಮೋತಿ ತಾಲಾಬ್, ತೊಣ್ಣೂರು ಕೆರೆ ಅಂತ ಹೆಸರು ಹಲವು. ಯಾವ ಹೆಸರು ಸರಿ ಅಂತ ವಾದ ಮಾಡುವವರು ಏರಿಗೆ ಮಣ್ಣು ಹೊತ್ತವರ ಮಾತು ಎತ್ತುವುದಿಲ್ಲ.

ಆದ್ದರಿಂದ ಈ ನವೆಂಬರಿನಲ್ಲಿ ಜಗಳ ಆಡಿ, ಬೇಡ ಅನ್ನುವುದಿಲ್ಲ. ಜಗಳ ಆಡುವಷ್ಟು ಪ್ರೀತಿ ಉಳಿದಿದೆ ಅನ್ನುವುದೇ ಸಂತೋಷ. ಜೊತೆಗೆ ಇಷ್ಟು ಮಾಡಿ: ಹಾಡು ಹಂಚಿದಾಗಲೆಲ್ಲ ಬರೆದವರು, ರಾಗ ಹಾಕಿದವರು, ಹಾಡಿದವರು, ಈ ಮೂರೂ ಹೆಸರನ್ನು ಕೆಳಗೆ ಬರೆಯಿರಿ. ನಿಮ್ಮೂರಿನ ಕವಿ ಇದ್ದರೆ ಊರಿನ ಹೆಸರನ್ನೂ ಸೇರಿಸಿ.