ಜಾಮೀನಿಗೆ ನಿಂತ ಪರಿಚಯ

ಬ್ಯಾಂಕಿಗೆ ಸಾಲ ಕೇಳಿಕೊಂಡು ಬಂದ ಹೆಂಗಸಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ, ‘ಜಾಮೀನಿಗೆ ಏನಿದೆ?’ ಪಹಣಿ ಗಂಡನ ಹೆಸರಲ್ಲಿ, ಮನೆ ಮಾವನ ಹೆಸರಲ್ಲಿ, ಕಿವಿಯ ಓಲೆ ಆಗಲೇ ಗಿರವಿ ಅಂಗಡಿಯಲ್ಲಿ. ಕೋಲಾರ ಸೀಮೆಯ ಗ್ರಾಮೀಣ ಬ್ಯಾಂಕೊಂದರಲ್ಲಿ ಫೀಲ್ಡ್ ಆಫೀಸರ್ ಆಗಿ ಕೆಲಸ ಮಾಡಿದ ನನಗೆ ಈ ಪ್ರಶ್ನೆಯ ಚರಿತ್ರೆ ಚೆನ್ನಾಗಿ ಗೊತ್ತು. ಅದಕ್ಕೆ ಹೊಸ ಉತ್ತರ ಹುಡುಕಿಕೊಟ್ಟವರಲ್ಲಿ ಈ ಸೀಮೆಯ ಹೆಂಗಸರು ಮೊದಲಿಗರು. ಆ ಮಾತು ಇಂದಿನವರಿಗೆ ಮರೆತೇ ಹೋಗಿದೆ ಎನ್ನುವುದು ನನ್ನ ಸಂಕಟ.

ಬಲ್ಲವರನ್ನೇ ಜಾಮೀನಾಗಿ ನಿಲ್ಲಿಸುವ ಪದ್ಧತಿ ಕಾನೂನಿನ ಪುಸ್ತಕಕ್ಕೆ ಸೇರಿದ್ದು 1904ರಲ್ಲಿ. ಆ ವರ್ಷ ಬ್ರಿಟಿಷ್ ಸರ್ಕಾರ ಮಾಡಿದ ಸಹಕಾರ ಸಾಲ ಸಂಘಗಳ ಕಾಯಿದೆಯ ಪ್ರಕಾರ ಸಂಘ ಕಟ್ಟಲು ಹತ್ತು ಜನ ಸಾಕು. ಆದರೆ ಅವರು ಒಂದೇ ಊರಿನವರೋ ಒಂದೇ ಸಮುದಾಯದವರೋ ಆಗಿರಬೇಕು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಕಟ್ಟದೆ ಹೋದರೆ ಉಳಿದವರ ಆಸ್ತಿಗೂ ಕುತ್ತು. ಹಾಗಿದ್ದಾಗ ಪಕ್ಕದ ಹೊಲದವನ ನಡತೆ ತಿಳಿಯದೆ ಯಾರು ಸಹಿ ಹಾಕುತ್ತಾರೆ? ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಾಲ ಸಂಘವನ್ನು ದೇಶದ ಮೊದಲನೆಯದೆಂದು ಸಹಕಾರಿಗಳು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಆದರೆ ಅದು ಹೊಲ ಇದ್ದವರ ಸಂಘ. ಹೊಲ ಇಲ್ಲದವರಿಗೆ, ಅದರಲ್ಲೂ ಹೆಂಗಸರಿಗೆ, ಆ ಬಾಗಿಲು ತೆರೆಯಲು ಇನ್ನೂ ಎಂಬತ್ತು ವರ್ಷ ಹಿಡಿಯಿತು.

ತೆರೆದ ಬಗೆ ಹೇಳಲೇಬೇಕು. ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ, ಆಮೇಲೆ ಹಳ್ಳಿಗಳ ಕೆಲಸಕ್ಕೆ ಇಳಿದು ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸುತ್ತಿತ್ತು. 1984–85ರ ಹೊತ್ತಿಗೆ ಆ ಸಂಘಗಳು ಒಡೆಯತೊಡಗಿದವು. ತೀರಾ ದೊಡ್ಡ ಸಂಘಗಳು, ನಾನಾ ಬಗೆಯ ಜನ, ಮುಖಂಡರ ಮೇಲೆ ನಂಬಿಕೆ ಇಲ್ಲ. ಆಗ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲವನ್ನು ಆ ಮುಖಂಡರ ಕೈಗೆ ಕೊಡುವುದಿಲ್ಲ, ನಿಮಗೇ ಕಟ್ಟುತ್ತೇವೆ ಎಂದರು. ಸಂಸ್ಥೆಯವರು ಆ ಹಣವನ್ನು ತಾವು ತೆಗೆದುಕೊಳ್ಳಲಿಲ್ಲ. ಜೊತೆಗೆ ಬಂದ ನೀವು ನೀವೇ ಒಬ್ಬರಿಗೊಬ್ಬರು ಯಾಕೆ ಕಟ್ಟಿಕೊಳ್ಳಬಾರದು ಎಂದು ಕೇಳಿದರು. ಸ್ವಸಹಾಯ ಸಂಘ ಹುಟ್ಟಿದ್ದು ಆ ಒಂದು ಪ್ರಶ್ನೆಯಿಂದ. ಗುಂಪು ಮಾಡಿಕೊಟ್ಟವರು ಯಾರೂ ಇಲ್ಲ. ಯಾರ ಜೊತೆ ಕೂತರೆ ನಂಬಿಕೆಯೋ ಅವರೊಡನೆ ಜನ ತಾವಾಗಿ ಕೂತಿದ್ದರು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಇದನ್ನು ಕಂಡುಕೊಂಡು ಬೆಳೆಸಿದರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು.

ನಾನು ಕಂಡ ಸಂಘವೊಂದರ ಸಭೆಯನ್ನು ಹೇಳುತ್ತೇನೆ. ಬಂಗಾರಪೇಟೆ ಕಡೆಯ ಹಳ್ಳಿ, ರಾತ್ರಿ ಅಡುಗೆ ಮುಗಿದ ಮೇಲೆ ಶಾಲೆಯ ಜಗಲಿ. ಚಾಪೆಯ ನಡುವೆ ಮೂರು ಬೀಗದ ತಗಡಿನ ಪೆಟ್ಟಿಗೆ, ಬೀಗದ ಕೈಗಳು ಮೂವರ ಸೊಂಟದಲ್ಲಿ. ವಾರಕ್ಕೆ ಐದೋ ಹತ್ತೋ ರೂಪಾಯಿ ಉಳಿತಾಯ ಎಣಿಸಿ ಆದ ಮೇಲೆ ಸಾಲದ ಮಾತು. ಒಬ್ಬಾಕೆ ಹುಣಸೆಹಣ್ಣಿಗೆ ದುಡ್ಡು ಬೇಕೆಂದಳು. ಬೇಸಿಗೆಯಲ್ಲಿ ಹಣ್ಣು ಬಡಿಯುವ ಹೊತ್ತಿಗೆ ಬೆಲೆ ಬಿದ್ದಿರುತ್ತದೆ. ಬೀಜ ಬಿಡಿಸಿ ಇಟ್ಟುಕೊಂಡವರಿಗೆ ಆಮೇಲೆ ಲಾಭ. ಇಟ್ಟುಕೊಳ್ಳುವ ತಾಕತ್ತು ಮಾತ್ರ ಮಂಡಿಯವರಿಗೆ.

“ಎಷ್ಟು ಮರ ಹಿಡಿದಿದ್ದೀಯವ್ವ?”

“ನಾಲ್ಕು ಕಣಕ್ಕ. ಕೆರೆ ಏರಿಯವು.”

“ಏರಿ ಮರದಲ್ಲಿ ಈ ಸಲ ಕಾಯೆಲ್ಲಿದೆ? ಎರಡಕ್ಕೆ ಕೇಳು, ಕೊಡೋಣ. ನಿನ್ನ ಹಸು ಬೇರೆ ಬತ್ತಿದೆ, ಕಂತು ಯಾವುದರಲ್ಲಿ ಕಟ್ತೀಯ?”

“ಮಗಳು ರೇಷ್ಮೆ ಫಿಲೇಚರ್‌ಗೆ ಹೋಗ್ತಾಳಲ್ಲ.”

“ಅವಳ ಕೂಲಿ ಮುಟ್ಟಬೇಡ, ಮದುವೆಗೆ ಇರಲಿ. ಹಣ್ಣು ಮಾರಿದ ಮೇಲೇ ಕಟ್ಟು.”

ಅರ್ಧ ಹಣ ಮಂಜೂರಾಗಿ ನಡಾವಳಿ ಪುಸ್ತಕದಲ್ಲಿ ಠರಾವು ಬಿತ್ತು. ನನ್ನ ಬ್ಯಾಂಕಿನ ಅರ್ಜಿಯಲ್ಲಿ ಕೆರೆ ಏರಿಯ ಮರದ ಕಾಯಿಗಾಗಲಿ, ಬತ್ತಿದ ಹಸುವಿಗಾಗಲಿ, ಮಗಳ ಮದುವೆಗಾಗಲಿ ಕಲಂ ಇರಲಿಲ್ಲ. ಆ ಹೆಂಗಸರ ಬಳಿ ಇದ್ದಷ್ಟು ಸಾಲದ ವಿದ್ಯೆ ಯಾವ ಮ್ಯಾನೇಜರ್ ಬಳಿಯೂ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಇದನ್ನು ಬ್ಯಾಂಕುಗಳೂ ಒಪ್ಪಿದವು. 1991ರಲ್ಲಿ ರಿಸರ್ವ್ ಬ್ಯಾಂಕ್ ಹಸಿರು ನಿಶಾನೆ ತೋರಿಸಿತು. ನೋಂದಣಿ ಇಲ್ಲದ ಸಂಘಕ್ಕೆ, ಅಡಮಾನವಿಲ್ಲದೆ, ಅದರ ಉಳಿತಾಯದ ಒಂದರಿಂದ ನಾಲ್ಕು ಪಟ್ಟು ಸಾಲ. ಆ ಡಿಸೆಂಬರ್‌ನಲ್ಲೇ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ವೆಂಕಟೇಶ್ವರ ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. 1992ರ ಫೆಬ್ರುವರಿಯಲ್ಲಿ ನಬಾರ್ಡ್ ದೇಶಾದ್ಯಂತ 500 ಸಂಘಗಳ ಗುರಿ ಇಟ್ಟುಕೊಂಡು ಹೊರಟಿತು. ಸಂಘದಲ್ಲಿ 20 ಜನಕ್ಕಿಂತ ಹೆಚ್ಚು ಇರಬಾರದೆಂಬ ಕಟ್ಟಳೆಗೆ ಆಗಿನ ಕಂಪನಿ ಕಾಯಿದೆ ಕಾರಣ. ಅದಕ್ಕಿಂತ ಹೆಚ್ಚಾದರೆ ನೋಂದಣಿ ಬೇಕಾಗುತ್ತಿತ್ತು. ಕಾರಣ ಏನೇ ಇರಲಿ, ಒಬ್ಬರ ಮನೆಯ ಕಷ್ಟ ಇನ್ನೊಬ್ಬರಿಗೆ ತಿಳಿಯುವುದಕ್ಕೆ ಅದು ತಕ್ಕ ಅಳತೆಯೇ ಆಗಿತ್ತು. 2000ದಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದು, ಅಂಗನವಾಡಿ ಕಾರ್ಯಕರ್ತೆಯರು ಊರೂರಲ್ಲಿ ಸಂಘ ಕಟ್ಟಿದರು.

ಇದೇ ಪರಿಚಯವನ್ನು ಕೆಟ್ಟದ್ದಕ್ಕೂ ಬಳಸಬಹುದು ಎನ್ನುವುದನ್ನೂ ನಮ್ಮ ಜಿಲ್ಲೆಯೇ ನೋಡಿತು. ಖಾಸಗಿ ಮೈಕ್ರೋಫೈನಾನ್ಸ್ ಕಂಪನಿಗಳು ಸಂಘದ ಹೊರರೂಪವನ್ನು ಮಾತ್ರ ತೆಗೆದುಕೊಂಡವು. ಕೆರೆ ಏರಿಯ ಮರದ ಮಾತು ಬಿಟ್ಟವು, ನೆರೆಯವಳ ಹೊಣೆ ಇಟ್ಟುಕೊಂಡವು. ಒಂದೇ ಮನೆಗೆ ನಾಲ್ಕು ಕಡೆಯ ಸಾಲ. ಕಂತು ತಪ್ಪಿದವಳ ಬಾಗಿಲಲ್ಲಿ ಗೆಳತಿಯರನ್ನೇ ಕೂರಿಸಿದರು. 2009ರಲ್ಲಿ ಕೋಲಾರದಲ್ಲಿ ಕಂತು ಕಟ್ಟುವುದೇ ನಿಂತುಹೋಯಿತು. ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು 2025ರಲ್ಲಿ. ಅಷ್ಟು ವರ್ಷ ಕಾದದ್ದು ಅನ್ಯಾಯ.

ಸಾಲ ಸಿಕ್ಕಿದರೆ ಅರ್ಧ ಕೆಲಸ ಆಯಿತು. ಮಾಡಿದ್ದನ್ನು ಕೊಳ್ಳುವವರು ಬೇಕು. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನ ಮಾಳಿಗೆಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಅದೇ ಮುಂದೆ ಲಿಜ್ಜತ್ ಹಪ್ಪಳದ ಸಂಸ್ಥೆಯಾಯಿತು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಕೊಂಡವರು ಭುಲೇಶ್ವರದ ಪರಿಚಯದ ವ್ಯಾಪಾರಿ. ನಷ್ಟವಾದರೂ ದಾನ ತೆಗೆದುಕೊಳ್ಳುವುದಿಲ್ಲ ಎಂದು ಆ ಹೆಂಗಸರು ಮೊದಲಲ್ಲೇ ನಿಶ್ಚಯಿಸಿದ್ದರು. ಆ ವ್ಯಾಪಾರಿ ಮಾಡಿದ್ದು ದಾನವಲ್ಲ, ಕೊಳ್ಳುವಿಕೆ. ಅವರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಈಗ ಪರಿಚಯದವರ ಬೆಂಬಲ ಬಹುಪಾಲು ಫೋನಿಗೆ ಬಂದು ನಿಂತಿದೆ. ತಂಗಿಯ ಮೊಮ್ಮಗುವಿನ ಫೋಟೋಗೆ, ಸಹೋದ್ಯೋಗಿಯ ಮಗಳ ಹಾಡಿಗೆ ವೋಟ್ ಮಾಡಿ ಎಂದು ವಾಟ್ಸಾಪಿನಲ್ಲಿ ಲಿಂಕ್ ಬರುತ್ತದೆ. ಪ್ರೀತಿಯಿಂದಲೇ ಒತ್ತುತ್ತೇನೆ, ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ಆ ಸ್ಪರ್ಧೆಯಲ್ಲಿ ಎಣಿಕೆಯಾಗುವುದು ಯಾರಿಗೆ ನೆಂಟರು ಹೆಚ್ಚು ಎನ್ನುವುದು. ಜಗಲಿಯ ಸಭೆಯಲ್ಲಿ ಕೈ ಎತ್ತಿದವಳು ತನ್ನ ಉಳಿತಾಯದ ದುಡ್ಡನ್ನೂ ಪಣಕ್ಕಿಟ್ಟು ಎತ್ತುತ್ತಿದ್ದಳು. ಅದಕ್ಕೇ ಅಷ್ಟು ಕೇಳುತ್ತಿದ್ದಳು, ಅಷ್ಟು ಯೋಚಿಸುತ್ತಿದ್ದಳು.

ನಿಮ್ಮ ಬೀದಿಯಲ್ಲೂ ಚಟ್ನಿಪುಡಿ ಕುಟ್ಟುವವರು, ರವಿಕೆ ಹೊಲಿಯುವವರು, ಹೋಳಿಗೆ ಮಾಡಿಕೊಡುವವರು ಇದ್ದಾರೆ. ಗೊತ್ತಿರುವವಳೆಂದು ಅವಳ ಹತ್ತಿರ ಚೌಕಾಸಿ ಮಾಡಬೇಡಿ, ಮುಂದಿನ ತಿಂಗಳು ಕೊಡುತ್ತೇನೆಂದು ಉದ್ರಿ ಹೇಳಬೇಡಿ. ಖಾರ ಹೆಚ್ಚಾಗಿದ್ದರೆ, ಹೊಲಿಗೆ ಬಿಟ್ಟಿದ್ದರೆ ಅವಳಿಗೇ ಹೇಳಿ, ತಿದ್ದಿಕೊಳ್ಳುತ್ತಾಳೆ. ಚೆನ್ನಾಗಿದ್ದರೆ ಇನ್ನೊಂದು ಮನೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಅವಳು ಹೇಳಿದ ಬೆಲೆಯನ್ನು ಅದೇ ದಿನ ಕೊಡಿ.